ತಾಳೋದು ಅಂದ್ರೆ ಸುಮ್ನೆ ಕೂರೋದಾ?

ಕೇಳುಗರಿಗೆಲ್ಲ ನಮಸ್ಕಾರ. ತಾಳ್ಮೆ ಬಗ್ಗೆ ಮಾತಾಡಿ ಅಂದ್ರು, ಜೊತೆಗೆ ಐದೇ ನಿಮಿಷದಲ್ಲಿ ಮುಗಿಸ್ಬೇಕು ಅಂತಾನೂ ಅಂದ್ರು, ಮುಂಬೈ ಅಲ್ವಾ, ಇಲ್ಲಿ ಎಲ್ಲಾ ಹಾಗೇ. ಲೋಕಲ್ ಬರೋಕೆ ನಾಲ್ಕು ನಿಮಿಷ ಅಂತ ಇಂಡಿಕೇಟರ್ ತೋರ್ಸಿದ್ರೆ ಅಯ್ಯೋ ಅಷ್ಟೊತ್ತಾ ಅಂತ ಗೊಣಗ್ತೇವೆ, ಅದೇ ನಾವು ಲಾಲ್‌ಬಾಗ್ ಗಣಪತಿ ನೋಡೋಕೆ ರಾತ್ರಿಯಿಡೀ ಲೈನಲ್ಲಿ ನಿಲ್ತೇವೆ.

ರಿಕ್ಷಾದ ಹಿಂದೆ ನೋಡಿರ್ತೀರಿ, ಶಿರಡಿ ಸಾಯಿಬಾಬಾ ಫೋಟೋ, ಕೆಳಗೆ ಶ್ರದ್ಧಾ ಸಬೂರಿ ಅಂತ. ಸಬೂರಿ ಅರಬ್ಬಿ ಮೂಲದ ಮಾತು, ಹುಬ್ಬಳ್ಳಿ ಕಡೆಯವರು 'ಸ್ವಲ್ಪ ಸಬೂರ ಮಾಡೋ ತಮ್ಮಾ' ಅಂತಾರಲ್ಲ, ಅದೇ. ಸಹನೆ ಸಂಸ್ಕೃತದ್ದು. ತಾಳ್ಮೆ ಮಾತ್ರ ನಮ್ದೇ, ದಿನಾ ಆಡೋ 'ತಾಳು'ವಿನಿಂದ ಹುಟ್ಟಿದ್ದು. ದಾದರ್ ಮಾರ್ಕೆಟಲ್ಲಿ ಚೀಲ ತಗೊಳ್ಳುವಾಗ ನಮ್ಮಮ್ಮ ಹಿಡಿಯ ಹತ್ರ ಹೊಲಿಗೆ ಎಳೆದು ನೋಡಿ, ಇದು ಹತ್ತು ಕಿಲೋ ಅಕ್ಕಿ ತಾಳ್ತದಾ ಅಂತ ಕೇಳ್ತಿದ್ರು. ಗೋಡೆಗೆ ನೇತು ಹಾಕಿದ ಖಾಲಿ ಚೀಲ ತಾಳ್ತಾ ಉಂಟು ಅಂತ ಯಾರಾದ್ರೂ ಹೇಳ್ತಾರಾ? ಭಾರ ಇದ್ರೆ ತಾನೇ ಆ ಮಾತು ಬರೋದು.

ಉಡುಪಿ ಮಂಗಳೂರು ಕಡೆಯ ನಮಗೆ ಇದನ್ನ ತೋರಿಸ್ಲಿಕ್ಕೆ ಕೊಂಕಣ ರೈಲು ಸಾಕು. ಮುಂಚೆ ಊರಿಗೆ ಹೋಗೋದು ಅಂದ್ರೆ ಬಸ್ಸೇ, ಘಾಟಿಯ ತಿರುವಲ್ಲಿ ವಾಂತಿ, ಇಳಿಯುವಾಗ ಕಾಲು ಬಾತು ಚಪ್ಪಲಿಗೆ ಹಿಡೀತಿರ್ಲಿಲ್ಲ. 1990ರಲ್ಲಿ ಕೊಂಕಣ ರೈಲ್ವೆ ಕಂಪನಿ ಆಯ್ತು, ಇ. ಶ್ರೀಧರನ್ ಅದರ ಮುಖ್ಯಸ್ಥರು, ಪೂರ್ತಿ ಲೈನಲ್ಲಿ ಗಾಡಿ ಓಡಿದ್ದು 1998ರ ಜನವರಿ 26ಕ್ಕೆ. ರೋಹಾದಿಂದ ಮಂಗಳೂರು ಹತ್ರದ ತೋಕೂರುವರೆಗೆ 700 ಕಿಲೋಮೀಟರಿಗೂ ಜಾಸ್ತಿ, ಅದರಲ್ಲಿ 90 ದಾಟಿ ಸುರಂಗ. ರತ್ನಾಗಿರಿ ಹತ್ರ ಕರ್ಬುಡೆ ಸುರಂಗ ಒಂದೇ ಆರೂವರೆ ಕಿಲೋಮೀಟರ್, ಗಟ್ಟಿ ಕಲ್ಲು, ಆದ್ರೂ ಕೊರೆದ್ರು. ಹೆಚ್ಚು ಸತಾಯಿಸಿದ್ದು ಮಾತ್ರ ಮೆತ್ತಗಿನ ಮಣ್ಣು ನೋಡಿ! ಗೋವಾದ ಪೆರ್ನೆಂನಲ್ಲಿ ನೀರು ಕುಡಿದ ಜೇಡಿಮಣ್ಣು, ಇವತ್ತು ಅಗೆದದ್ದು ನಾಳೆ ಕುಸೀತದೆ, ಮಿಷಿನ್ ಇಡೋ ಹಾಗಿಲ್ಲ, ಕೈಯಲ್ಲೇ ಸ್ವಲ್ಪ ಸ್ವಲ್ಪ ಅಗೀಬೇಕು, ಮತ್ತೆ ಆಸರೆ ಕೊಡ್ಬೇಕು, ಮತ್ತೆ ಅಗೀಬೇಕು. ಈ ಲೈನು ಹಾಕುವಾಗ ಎಷ್ಟೋ ಕೆಲಸಗಾರರು ಜೀವ ಕಳ್ಕೊಂಡ್ರು, ಅದನ್ನ ಗಾಡಿ ಹತ್ತುವಾಗ ಯಾರೂ ನೆನೆಸಲ್ಲ.

ಇವತ್ತಿಗೂ ಅಲ್ಲಿ ಹೆಚ್ಚಿನ ಕಡೆ ಸಿಂಗಲ್ ಲೈನು, ಎದುರಿನ ಗಾಡಿ ದಾಟುವವರೆಗೆ ಕ್ರಾಸಿಂಗ್‌ಗೆ ನಿಲ್ಬೇಕು. ಮಳೆಗಾಲಕ್ಕೆ ಬೇರೆ ಟೈಮ್‌ಟೇಬಲ್ಲೇ ಉಂಟು, ಸ್ಪೀಡ್ ಕಡಿಮೆ ಮಾಡ್ತಾರೆ, ರಾತ್ರಿ ಸುರೀತಾ ಇರೋ ಮಳೆಯಲ್ಲಿ ಗಸ್ತಿನವನೊಬ್ಬ ರೇನ್‌ಕೋಟ್ ಹಾಕ್ಕೊಂಡು ಟಾರ್ಚ್ ಹಿಡ್ಕೊಂಡು ಹಳಿ ಮೇಲೆ ಕಲ್ಲು ಬಿದ್ದಿದೆಯಾ ಮಣ್ಣು ಜಾರಿದೆಯಾ ಅಂತ ನೋಡ್ತಾ ನಡೀತಾನೆ. ನಾವು ಒಳಗೆ ಎಸಿ ಕೋಚಲ್ಲಿ ಚಾದರ ಹೊದ್ದು ಗಾಡಿ ಲೇಟು ಅಂತ ಸ್ಟೇಟಸ್ ಹಾಕ್ತೇವೆ. ಕೂತಿರೋ ನಮ್ಮನ್ನ ಯಾರೂ ತಾಳ್ಮೆಯವರು ಅನ್ನೋದು ಬೇಡ, ಆ ಮಾತು ಅವನಿಗೆ ಸಲ್ಲಬೇಕು.

ಊರಿಂದ ಮುಂಬೈಗೆ ಬಂದ ಹಿಂದಿನ ತಲೆಮಾರಿನವರೂ ಹಾಗೇ, ಹಗಲು ಹೋಟೆಲಲ್ಲಿ ಕಪ್ಪು ಬಸಿ ತೊಳೆದು ರಾತ್ರಿ ಕನ್ನಡ ನೈಟ್ ಸ್ಕೂಲಿಗೆ ಹೋಗಿ ಮೆಟ್ರಿಕ್ ಪಾಸಾದವರು. ಅದನ್ನೇ ಹೇಳಿ ಹೇಳಿ ನಮ್ಮ ತಲೆ ತಿಂತಾರೆ, ಅದು ಬೇರೆ ವಿಷಯ.

ಆದ್ರೆ ನನಗೆ ಸಿಟ್ಟು ಬರೋದು ಇನ್ನೊಬ್ಬರ ತಾಳ್ಮೆಯನ್ನ ಹೊಗಳಿ ತಮ್ಮ ಕೆಲಸ ಮುಂದೂಡೋರ ಮೇಲೆ. 2005ರ ಜುಲೈ 26 ನೆನಪಿದೆಯಲ್ಲ, ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ, ಜನ ಎದೆಮಟ್ಟ ನೀರಲ್ಲಿ ನಡೆದು ಮನೆ ಸೇರಿದ್ರು, ಎಷ್ಟೋ ಜನ ಸೇರ್ಲೇ ಇಲ್ಲ. ಆಮೇಲೆ ಎಲ್ಲೆಲ್ಲೂ ಮುಂಬೈ ಸ್ಪಿರಿಟ್, ಮುಂಬೈ ಸ್ಪಿರಿಟ್ ಅಂತ ಹೊಗಳಿಕೆ. ಹೊಗಳಿದ್ರೆ ಗಟಾರ ಕ್ಲೀನ್ ಆಗ್ತದಾ ಮಾರಾಯ್ರೆ?

ನಮ್ಮ ಬಿಲ್ಡಿಂಗಿನದ್ದೂ ಅದೇ ಕತೆ. ರಿಡೆವಲಪ್‌ಮೆಂಟ್, ಅಂದ್ರೆ ಹಳೇದು ಕೆಡವಿ ಹೊಸದು ಕಟ್ತೇವೆ ಅಂತ ಮನೆ ಖಾಲಿ ಮಾಡ್ಸಿದ್ರು, ಈಗ ಎಲ್ರೂ ಒಂದೊಂದು ಕಡೆ ಬಾಡಿಗೆಗೆ ಇದ್ದೇವೆ, ಬಾಡಿಗೆ ಚೆಕ್ಕು ಒಂದು ತಿಂಗಳು ಬಂದ್ರೆ ಇನ್ನೊಂದು ತಿಂಗಳು ಇಲ್ಲ. ಹೋದ ಮೀಟಿಂಗಲ್ಲಿ ಬಿಲ್ಡರ್ ಕಡೆಯವ ನಗ್ತಾ 'ಸಬರ್ ಕಾ ಫಲ್ ಮೀಠಾ' ಅಂದ, ತಾಳ್ಮೆಯ ಫಲ ಸಿಹಿ ಅಂತ. ಮೂರನೇ ಮಾಳಿಗೆಯ ಶೆಡ್ತಿಯಕ್ಕ ಕೂತಲ್ಲಿಂದಲೇ, ಸಬರ್ ನಮ್ದು, ಫಲ ಯಾರದ್ದು ಅಂತ ಕೇಳಿದ್ರು, ಅವನಿಗೆ ಉತ್ತರ ಹೊಳೀಲಿಲ್ಲ. ಬರೋ ಭಾನುವಾರ ಮತ್ತೆ ಮೀಟಿಂಗ್ ಉಂಟು, ಕೀ ಕೊಡೋ ತಾರೀಕು ಲೆಟರ್‌ಹೆಡ್ ಮೇಲೆ ಬರೆದು ಸಹಿ ಹಾಕಿ ಕೊಡುವವರೆಗೆ ಯಾರೂ ಎದ್ದು ಹೋಗೋದು ಬೇಡ ಅಂತ ಮಾತಾಡ್ಕೊಂಡಿದ್ದೇವೆ, ಶೆಡ್ತಿಯಕ್ಕ ಚಹಾದ ಫ್ಲಾಸ್ಕ್ ತರ್ತಾರಂತೆ. ಬರ್ತೇನೆ, ನಮಸ್ಕಾರ.