ಸ್ಪೆಷಲ್ ಎಜುಕೇಶನ್ ಒಂದು ಕಡೆ, ಗಿಫ್ಟೆಡ್ ಮಕ್ಕಳು ಇನ್ನೊಂದು ಕಡೆ: ಟೀಚರ್ ಟ್ರೈನಿಂಗಲ್ಲಿ ಈ ಗೋಡೆ ಯಾಕೆ?

ನಮಸ್ಕಾರ, ಎಲ್ರೂ ಹೇಗಿದೀರ. ಇವತ್ತಿನ ವಿಷಯ ಸ್ವಲ್ಪ ಡ್ರೈ ಅನ್ನಿಸ್ಬೋದು, ಟೀಚರ್ ಟ್ರೈನಿಂಗು, ಅದ್ರಲ್ಲೂ ಯೂನಿವರ್ಸಿಟೀಲಿ ಕೊಡೋ ಟ್ರೈನಿಂಗು, ಆದ್ರೂ ಸ್ವಲ್ಪ ಹೊತ್ತು ಕೂತ್ಕೊಳ್ಳಿ, ಯಾಕಂದ್ರೆ ಇದ್ರ ಬಗ್ಗೆ ನನಗೊಂದು ಗಟ್ಟಿ ಅಭಿಪ್ರಾಯ ಇದೆ, ಅದು ತುಂಬಾ ಜನಕ್ಕೆ ಹಿಡ್ಸಲ್ಲ ಅಂತಾನೂ ಗೊತ್ತು.

ಡಿಸೆಬಿಲಿಟಿ ಇರೋ ಮಕ್ಕಳಿಗೆ ಪಾಠ ಮಾಡೋ ಟೀಚರ್ ಆಗ್ಬೇಕಂದ್ರೆ ಸ್ಪೆಷಲ್ ಎಜುಕೇಶನ್ ಅಂತ ಒಂದು ಕೋರ್ಸ್ ಇರತ್ತೆ. ತುಂಬಾ ಚುರುಕಿರೋ ಮಕ್ಕಳು, ಗಿಫ್ಟೆಡ್ ಅಂತಾರಲ್ಲ, ಅವ್ರಿಗೆ ಹೇಗೆ ಪಾಠ ಮಾಡೋದು ಅನ್ನೋದು ಬೇರೇನೇ ಕೋರ್ಸು, ಅದೂ ಇದ್ರೆ ಉಂಟು ಇಲ್ದಿದ್ರೆ ಇಲ್ಲ, ಎಷ್ಟೋ ಕಡೆ ಯಾವ್ದೋ ಒಂದು ಪೇಪರಿನ ಕೊನೇ ಯೂನಿಟ್ಟಾಗಿ ಬಂದು ಹೋಗತ್ತೆ, ಪರೀಕ್ಷೆಗೆ ಬರಲ್ಲ ಬಿಡು ಅಂತ ಎಲ್ರೂ ಹಾರಿಸ್ಬಿಡೋ ಯೂನಿಟ್ಟು. ನಾನು ಹೇಳೋದು ಏನಂದ್ರೆ, ಈ ಎರಡನ್ನೂ ಒಂದೇ ಡಿಪಾರ್ಟ್‌ಮೆಂಟಲ್ಲಿ, ಒಂದೇ ಸ್ಟೂಡೆಂಟ್ ಟೀಚರ್‌ಗೆ, ಒಟ್ಟಿಗೇ ಕಲಿಸ್ಬೇಕು. ಮತ್ತೆ ಕೋರ್ಸಿನ ಅರ್ಧ ಟೈಮಾದ್ರೂ ಅವ್ರನ್ನ ಪುಸ್ತಕ ಮುಚ್ಚಿಸಿ ಮಗು ಪಕ್ಕ ಕೂರಿಸ್ಬೇಕು.

ತಕ್ಷಣ ಏನ್ ಕೇಳ್ತಾರೆ ಗೊತ್ತಲ್ಲ. ಒಂದು ಮಗು ಅಕ್ಷರ ಕೂಡ್ಸೋಕೆ ಒದ್ದಾಡ್ತಿದೆ, ಇನ್ನೊಂದು ಮಗು ಮೂರು ಕ್ಲಾಸ್ ಮುಂದಿದೆ, ಇಬ್ರಿಗೂ ಒಂದೇ ಟ್ರೈನಿಂಗಾ, ತಲೆ ಕೆಟ್ಟಿದ್ಯಾ ಅಂತ.

ಸರಿ, ಸ್ವಲ್ಪ ಹಿಂದಕ್ಕೆ ಹೋಗೋಣ. 1905ರಲ್ಲಿ ಫ್ರಾನ್ಸಲ್ಲಿ ಆಲ್ಫ್ರೆಡ್ ಬಿನೆ ಮತ್ತೆ ಥಿಯೋಡೋರ್ ಸಿಮೋನ್ ಅಂತ ಇಬ್ರು ಸೇರಿ ಒಂದು ಪರೀಕ್ಷೆ ಮಾಡಿದ್ರು, ಉದ್ದೇಶ ಏನಪ್ಪಾ ಅಂದ್ರೆ ಸ್ಕೂಲಲ್ಲಿ ಹಿಂದೆ ಬೀಳ್ತಿರೋ, ವಿಶೇಷ ಸಹಾಯ ಬೇಕಾಗಿರೋ ಮಕ್ಕಳು ಯಾರು ಅಂತ ಗುರುತಿಸೋದು. ಹತ್ತು ಹನ್ನೊಂದು ವರ್ಷ ಆದ್ಮೇಲೆ, 1916ರಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಯ ಲೂಯಿಸ್ ಟರ್ಮನ್ ಅದೇ ಪರೀಕ್ಷೆನ ತಿದ್ದಿ ತೀಡಿ ಸ್ಟ್ಯಾನ್‌ಫರ್ಡ್-ಬಿನೆ ಅಂತ ಮಾಡ್ದ, ಆಮೇಲೆ 1921ರಲ್ಲಿ ಅದನ್ನೇ ಹಿಡ್ಕೊಂಡು ಅತೀ ಬುದ್ಧಿವಂತ ಮಕ್ಕಳನ್ನ ಹುಡ್ಕೋಕೆ ಹೊರಟ, ಸುಮಾರು 1500 ಮಕ್ಕಳನ್ನ ಆರಿಸಿ ದಶಕಗಟ್ಟಲೆ ಅವ್ರ ಜೀವನ ಹೇಗೆ ಹೋಗತ್ತೆ ಅಂತ ಫಾಲೋ ಮಾಡಿದ್ರು. ಅಂದ್ರೆ ನೋಡಿ, ಹಿಂದೆ ಉಳಿದವ್ರನ್ನ ಹುಡ್ಕೋಕೆ ಹುಟ್ಟಿದ ಸಾಧನವೇ ಮುಂದೆ ಓಡೋರನ್ನ ಹುಡ್ಕೋಕೂ ಬಂತು. ಎರಡೂ ವಿದ್ಯೆಗೆ ಬೇರು ಒಂದೇ.

ಇನ್ನೂ ಮಜಾ ಕೇಳಿ. ಟರ್ಮನ್ ತಂಡ ಪರೀಕ್ಷೆ ಮಾಡಿ, ಅಂಕ ಸಾಲ್ದು ಅಂತ ಕೈಬಿಟ್ಟ ಮಕ್ಕಳಲ್ಲಿ ವಿಲಿಯಂ ಶಾಕ್ಲಿ ಮತ್ತೆ ಲೂಯಿಸ್ ಆಲ್ವಾರೆಜ್ ಇದ್ರು. ಇಬ್ರಿಗೂ ಮುಂದೆ ಫಿಸಿಕ್ಸಲ್ಲಿ ನೊಬೆಲ್ ಬಂತು, ಒಬ್ರಿಗೆ 1956ರಲ್ಲಿ ಇನ್ನೊಬ್ರಿಗೆ 1968ರಲ್ಲಿ. ಆರಿಸ್ಕೊಂಡ 1500 ಜನರಲ್ಲಿ ಒಬ್ರಿಗೂ ಬರ್ಲಿಲ್ಲ. ಟೆಸ್ಟೇ ಸುಳ್ಳು ಅಂತ ನಾನು ಹೇಳ್ತಿಲ್ಲ, ಟೆಸ್ಟ್ ಒಂದು ಸುಳಿವು ಕೊಡತ್ತೆ, ಅದನ್ನ ಓದೋಕೆ ಬರೋ ಮನುಷ್ಯ ಬೇಕು, ಆ ಮನುಷ್ಯನ್ನ ತಯಾರು ಮಾಡೋದು ಯೂನಿವರ್ಸಿಟಿ ಕೆಲ್ಸ.

ಇದನ್ನ ಅರ್ಥ ಮಾಡ್ಕೊಂಡಿದ್ದ ಹೆಂಗಸು ಒಬ್ರು ಆಗ್ಲೇ ಇದ್ರು, ಲೀಟಾ ಹಾಲಿಂಗ್‌ವರ್ತ್ ಅಂತ, ನ್ಯೂಯಾರ್ಕಿನ ಕೊಲಂಬಿಯಾ ಯೂನಿವರ್ಸಿಟಿಯ ಟೀಚರ್ಸ್ ಕಾಲೇಜಲ್ಲಿ ಪಾಠ ಮಾಡ್ತಿದ್ರು, ಅಂದ್ರೆ ಟೀಚರ್‌ಗಳಿಗೇ ಟೀಚರ್. ಕಲಿಯೋದ್ರಲ್ಲಿ ಹಿಂದಿರೋ ಮಕ್ಕಳ ಮೇಲೂ ಕೆಲಸ ಮಾಡಿದ್ರು, ಗಿಫ್ಟೆಡ್ ಮಕ್ಕಳ ಮೇಲೂ ಮಾಡಿದ್ರು. 1936ರಲ್ಲಿ ಸ್ಪೇಯರ್ ಸ್ಕೂಲ್ ಅಂತ ಒಂದು ಪ್ರಯೋಗ ಶುರುವಾಯ್ತು, ಒಂದೇ ಬಿಲ್ಡಿಂಗು, ಅದ್ರಲ್ಲಿ ನಿಧಾನವಾಗಿ ಕಲಿಯೋ ಮಕ್ಕಳ ಕ್ಲಾಸುಗಳೂ ಇದ್ವು, ಬೇಗ ಕಲಿಯೋ ಮಕ್ಕಳ ಕ್ಲಾಸುಗಳೂ ಇದ್ವು, ಮೊದಲ್ನೇದಕ್ಕೆ ಬಿನೆ ಕ್ಲಾಸ್ ಅಂತ ಹೆಸ್ರು, ಎರಡ್ನೇದಕ್ಕೆ ಟರ್ಮನ್ ಕ್ಲಾಸ್. ಅದೇ ಟೀಚರ್ಸ್ ಕಾಲೇಜಲ್ಲೇ 1922ರಲ್ಲಿ ಹುಟ್ಟಿದ ಕೌನ್ಸಿಲ್ ಫಾರ್ ಎಕ್ಸೆಪ್ಷನಲ್ ಚಿಲ್ಡ್ರನ್ ಅನ್ನೋ ಸಂಸ್ಥೆ ಇವತ್ತಿಗೂ ಡಿಸೆಬಿಲಿಟಿ ಇರೋ ಮಕ್ಕಳು, ಗಿಫ್ಟೆಡ್ ಮಕ್ಕಳು ಇಬ್ರ ಕೆಲಸಾನೂ ಒಂದೇ ಸೂರಿನಡಿ ಮಾಡತ್ತೆ. ಹಾಗಾಗಿ ನಾನೇನೋ ಹೊಸದಾಗಿ ಹೇಳ್ತಿದೀನಿ ಅನ್ಕೋಬೇಡಿ, ನೂರು ವರ್ಷ ಹಳೇ ಐಡಿಯಾ ಇದು, ಮಧ್ಯದಲ್ಲಿ ಯಾವ್ಯಾವ್ದೋ ಕಾನೂನು, ಫಂಡಿಂಗು, ಸರ್ಟಿಫಿಕೇಟ್ ಲೆಕ್ಕಾಚಾರದಲ್ಲಿ ಗೋಡೆ ಎದ್ದಿದೆ. ಅಮೆರಿಕದಲ್ಲೇ ನೋಡಿ, 1975ರ ಕಾನೂನು ಡಿಸೆಬಿಲಿಟಿ ಇರೋ ಪ್ರತೀ ಮಗುಗೂ ವೈಯಕ್ತಿಕ ಶಿಕ್ಷಣ ಯೋಜನೆ, ಅದೇ ಐಇಪಿ ಅಂತಾರಲ್ಲ, ಅದನ್ನ ಕಡ್ಡಾಯ ಮಾಡ್ತು, ಗಿಫ್ಟೆಡ್ ಮಕ್ಕಳು ಅದ್ರಲ್ಲಿ ಇಲ್ಲ. ದುಡ್ಡು ಎಲ್ಲಿ ಹೋಗತ್ತೋ ಡಿಪಾರ್ಟ್‌ಮೆಂಟೂ ಅಲ್ಲೇ ಬೆಳಿಯತ್ತೆ.

ಈಗ ಕ್ಲಾಸ್‌ರೂಮಿಗೆ ಬರೋಣ, ನನ್ನ ವಾದ ನಿಲ್ಲೋದಿದ್ರೆ ಅಲ್ಲೇ ನಿಲ್ಬೇಕು.

ಒಂದು ಹುಡುಗಿ ಲೆಕ್ಕ ಮಾಡಿದಾಳೆ ಅನ್ಕೊಳ್ಳಿ. 52ರಲ್ಲಿ 28 ಕಳೆದು 36 ಅಂತ ಬರ್ದಿದಾಳೆ. 71ರಲ್ಲಿ 45 ಕಳೆದು 34. 80ರಲ್ಲಿ 37 ಕಳೆದು 57. ಮೂರೂ ತಪ್ಪು, ಮೂರು ಇಂಟು ಮಾರ್ಕು, ಸೊನ್ನೆ, ಮುಂದಿನ ಪುಸ್ತಕ. ಆದ್ರೆ ಒಂದು ನಿಮಿಷ ನೋಡಿದ್ರೆ ಗೊತ್ತಾಗತ್ತೆ, ಈ ಹುಡುಗಿ ಒಂದೇ ಒಂದು ನಿಯಮ ಇಟ್ಕೊಂಡಿದಾಳೆ, ಅದನ್ನ ಎಲ್ಲೂ ತಪ್ಪದೆ ಪಾಲಿಸ್ತಿದಾಳೆ: ಮೇಲಿರ್ಲಿ ಕೆಳಗಿರ್ಲಿ, ದೊಡ್ಡ ಅಂಕಿಯಿಂದ ಚಿಕ್ಕ ಅಂಕಿ ಕಳಿ. ಅವ್ಳಿಗೆ ಕಳೆಯೋದು ಚೆನ್ನಾಗೇ ಬರತ್ತೆ, ಬರದೇ ಇರೋದು ಹತ್ತರ ಸ್ಥಾನದಿಂದ ಸಾಲ ತಗೊಳ್ಳೋದು ಒಂದೇ. ಇನ್ನೂ ಇಪ್ಪತ್ತು ಲೆಕ್ಕ ಹೋಂವರ್ಕ್ ಕೊಟ್ರೆ ಇಪ್ಪತ್ತು ಸಲ ಅದೇ ತಪ್ಪನ್ನ ಪ್ರಾಕ್ಟೀಸ್ ಮಾಡ್ಕೊಂಡು ಬರ್ತಾಳೆ, ಅಷ್ಟೇ.

ಪಕ್ಕದ ಬೆಂಚಿನ ಹುಡುಗ ಅದೇ ಲೆಕ್ಕಗಳನ್ನ ಎರಡು ನಿಮಿಷದಲ್ಲಿ ಮುಗ್ಸಿ ಪೆನ್ಸಿಲ್ ಕುಟ್ತಾ ಕೂತಿದಾನೆ, ಮುಂದಿನವ್ನ ಚೀಲ ಎಳೀತಿದಾನೆ. ಅವ್ನಿಗೂ ಇನ್ನೂ ಇಪ್ಪತ್ತು ಲೆಕ್ಕ, ಸುಮ್ನಿರ್ಲಿ ಅಂತ. ಬೇಗ ಮುಗ್ಸಿದ ತಪ್ಪಿಗೆ ಶಿಕ್ಷೆ ಅನ್ನಿ. ಇದಕ್ಕೊಂದು ಸಿಂಪಲ್ ದಾರಿ ಇದೆ, ಕನೆಕ್ಟಿಕಟ್ ಯೂನಿವರ್ಸಿಟಿಯ ಜೋಸೆಫ್ ರೆನ್‌ಜುಲಿ ಮತ್ತೆ ಅವ್ರ ಜೊತೆಯವ್ರು ಕರಿಕ್ಯುಲಮ್ ಕಾಂಪ್ಯಾಕ್ಟಿಂಗ್ ಅಂತ ಬೆಳೆಸಿದ್ದು: ಪಾಠ ಶುರು ಮಾಡೋಕೆ ಮುಂಚೆಯೇ ಟೆಸ್ಟ್ ಕೊಡಿ, ಬರೋದನ್ನ ಬಿಟ್ಬಿಡಿ, ಉಳಿದ ಟೈಮಲ್ಲಿ ಅವ್ನಿಗೆ ನಿಜವಾಗ್ಲೂ ಕಷ್ಟ ಆಗೋ ಕೆಲಸ ಕೊಡಿ. 1993ರಲ್ಲಿ ಬಂದ ಅವ್ರದೊಂದು ಅಧ್ಯಯನದಲ್ಲಿ ಇಂಥ ಮಕ್ಕಳಿಗೆ ಪಠ್ಯದ 40ರಿಂದ 50 ಪರ್ಸೆಂಟ್ ಕಿತ್ತಾಕಿದ್ರೂ ಪರೀಕ್ಷೆ ಅಂಕ ಕಮ್ಮಿ ಆಗ್ಲಿಲ್ಲ. ಅರ್ಧ ಸಿಲಬಸ್ ಸ್ವಾಮಿ. ಅಷ್ಟು ಹೊತ್ತು ಆ ಮಕ್ಕಳು ಕ್ಲಾಸಲ್ಲಿ ಏನ್ ಮಾಡ್ತಾ ಕೂತಿರ್ತಾವೆ ಯೋಚನೆ ಮಾಡಿ.

ಈ ಹುಡುಗಿಗೂ ಆ ಹುಡುಗನಿಗೂ ಟೀಚರ್ ಮಾಡ್ಬೇಕಾಗಿರೋದು ಒಂದೇ ಕೆಲಸ. ಮಗುಗೆ ಏನು ಬರತ್ತೆ, ಎಲ್ಲಿ ನಿಂತಿದೆ, ಅಲ್ಲಿಂದ ಮುಂದಿನ ಹೆಜ್ಜೆ ಯಾವ್ದು. ಹುಡುಗಿ ತಪ್ಪನ್ನ ಓದೋಕೆ ಬಂದವ್ರಿಗೆ ಹುಡುಗನ ಬೇಜಾರನ್ನೂ ಓದೋಕೆ ಬರತ್ತೆ, ಕಲಿಸಿದ್ರೆ.

ಮತ್ತೆ ಮೂರ್ನೇ ಮಗು ಒಂದಿದೆ, ಗೋಡೆಯಿಂದ ಜಾಸ್ತಿ ಪೆಟ್ಟು ತಿನ್ನೋದು ಅದೇ. ಪ್ರತೀ ತಿಂಗ್ಳೂ ಚಂದ್ರಗ್ರಹಣ ಯಾಕೆ ಆಗಲ್ಲ ಅಂತ ಕೇಳಿದ್ರೆ, ಚಂದ್ರನ ಕಕ್ಷೆ ಭೂಮಿ ಕಕ್ಷೆಗೆ ಸುಮಾರು 5 ಡಿಗ್ರಿ ವಾರೆಯಾಗಿದೆ, ಹಂಗಾಗಿ ಎಷ್ಟೋ ಸಲ ನೆರಳಿನ ಮೇಲೋ ಕೆಳಗೋ ಹೋಗ್ಬಿಡತ್ತೆ ಅಂತ ಕೈ ಆಡಿಸ್ಕೊಂಡು ಪಟಪಟ ಹೇಳತ್ತೆ. ಅದನ್ನೇ ಬರಿ ಅಂದ್ರೆ ಎರಡು ಸಾಲು, ಅದ್ರಲ್ಲಿ ಅರ್ಧ ಒತ್ತಕ್ಷರ ಇಲ್ಲ, ಕೈ ನೋವು ಅನ್ನತ್ತೆ. ಇಂಥವ್ರನ್ನ ಟ್ವೈಸ್ ಎಕ್ಸೆಪ್ಷನಲ್ ಅಂತಾರೆ, ಪ್ರತಿಭೆನೂ ಇದೆ ಡಿಸೆಬಿಲಿಟೀನೂ ಇದೆ. ಬುದ್ಧಿವಂತಿಕೆ ಡಿಸ್‌ಲೆಕ್ಸಿಯಾನ, ಅಂದ್ರೆ ಓದು ಬರಹದ ತೊಂದರೆನ, ಮುಚ್ಚತ್ತೆ, ಡಿಸ್‌ಲೆಕ್ಸಿಯಾ ಬುದ್ಧಿವಂತಿಕೆನ ಮುಚ್ಚತ್ತೆ, ಕೊನೇಗೆ ಅಂಕ ನೋಡಿದ್ರೆ ಮಗು ಆವರೇಜು. ಸ್ಪೆಷಲ್ ಎಜುಕೇಶನ್ ಮಾತ್ರ ಓದಿದವ್ರು ಪಾಸಾಗ್ತಿದೆಯಲ್ಲ ಅಂತ ಬಿಡ್ತಾರೆ, ಗಿಫ್ಟೆಡ್ ಮಾತ್ರ ಓದಿದವ್ರು ಬರವಣಿಗೆ ನೋಡಿ ನಮ್ಮದಲ್ಲ ಅಂತಾರೆ, ಮಿಕ್ಕವ್ರು ಸೋಂಬೇರಿ ಅಂತ ರಿಪೋರ್ಟ್ ಕಾರ್ಡಲ್ಲಿ ಬರೀತಾರೆ, ಪೇರೆಂಟ್ಸ್ ಅದನ್ನ ಓದಿ ಮನೇಲಿ ಇನ್ನಷ್ಟು ಬಯ್ತಾರೆ.

ಸೋಂಬೇರಿ ಅಂದೆನಲ್ಲ, ಟ್ರೈನಿಂಗ್ ಬಗ್ಗೆ ನನ್ನ ದೊಡ್ಡ ತಕರಾರು ಇಲ್ಲಿದೆ. ನೋಡೋದು ಒಂದು ಕೌಶಲ, ಅದನ್ನ ಲೆಕ್ಚರ್ ಹಾಲಲ್ಲಿ ಸ್ಲೈಡ್ ಹಾಕಿ ಕಲಿಸೋದು ದಡದಲ್ಲಿ ಕೂರ್ಸಿ ಈಜು ಕಲಿಸಿದ ಹಾಗೆ. ಆಟಿಸಂನ ಲಕ್ಷಣಗಳು ಯಾವ್ವು, ಐದು ಅಂಕದ ಪ್ರಶ್ನೆ, ಬರೀತಾರೆ, ಫುಲ್ ಮಾರ್ಕ್ಸ್. ಅದೇ ವಿದ್ಯಾರ್ಥಿನ ಕ್ಲಾಸಿನ ಹಿಂದೆ ಕೂರ್ಸಿ ಅರ್ಧ ಗಂಟೆ ಒಂದೇ ಮಗುನ ನೋಡಿ ಕಂಡಿದ್ದನ್ನ ಬರಿ ಅಂದ್ರೆ, ಮಗು ಹಠ ಮಾಡ್ತು, ಗಮನ ಕೊಡ್ಲಿಲ್ಲ, ಟೀಚರ್‌ಗೆ ಎದುರಾಡ್ತು, ಹೀಗೆ ಬರ್ಕೊಂಡು ಬರ್ತಾರೆ. ಇವೆಲ್ಲ ತೀರ್ಪು. ಕಂಡಿದ್ದು ಬೇರೆ: ಬೆಲ್ ಹೊಡೀತು, ಮಗು ಎರಡೂ ಕೈಲಿ ಕಿವಿ ಮುಚ್ಕೊಂಡ್ತು, ಟೀಚರ್ ಕೈ ತೆಗಿ ಅಂದ್ರು, ಮಗು ಮೇಜು ಒದೀತು, ಹೊರಗೆ ಕಳಿಸಿದ್ರು, ಹೊರಗೆ ಸದ್ದಿರ್ಲಿಲ್ಲ, ಮಗು ಸಮಾಧಾನವಾಯ್ತು. ಮುಂಚೆ ಏನಾಯ್ತು, ಮಗು ಏನ್ ಮಾಡ್ತು, ಆಮೇಲೆ ಏನಾಯ್ತು, ಎಬಿಸಿ ರೆಕಾರ್ಡ್ ಅಂತಾರೆ ಇದಕ್ಕೆ. ಹೀಗೆ ಬರೆದ್ರೆ ಕಾರಣ ತಾನಾಗೇ ಎದ್ದು ಕಾಣತ್ತೆ, ಹಠ ಅಂತ ಬರೆದ್ರೆ ಏನೂ ಕಾಣಲ್ಲ.

ಇದು ಒಂದು ವಾರದಲ್ಲಿ ಬರಲ್ಲ. ಬರೆದಿದ್ದನ್ನ ಇನ್ನೊಬ್ರು ಓದಿ, ಇಲ್ಲಿ ನೋಡು ನೀನು ಕಂಡಿದ್ದಲ್ಲ ಊಹಿಸಿದ್ದು ಬರ್ದಿದೀಯ ಅಂತ ಸಾಲು ಸಾಲಾಗಿ ತೋರಿಸ್ಬೇಕು. ಆ ಇನ್ನೊಬ್ರು ಅದೇ ಕ್ಲಾಸಲ್ಲಿ ಕೂತಿದ್ದವ್ರು ಆಗಿರ್ಬೇಕು. ಪ್ರಾಕ್ಟಿಕಮ್ ಅಂತ, ಅಂದ್ರೆ ಕ್ಲಾಸಲ್ಲೇ ಪಾಠ ಮಾಡಿ ಕಲಿಯೋದು, ಎಲ್ಲ ಕೋರ್ಸಲ್ಲೂ ಇದೆ, ಇಲ್ಲ ಅಂತ ಹೇಳಲ್ಲ, ಆದ್ರೆ ಎಷ್ಟೋ ಕಡೆ ಅದು ಕೊನೇಲಿ ಬರತ್ತೆ, ಸೂಪರ್‌ವೈಸರ್ ಬಂದು ಹತ್ತು ನಿಮಿಷ ಕೂತು ಚೆನ್ನಾಗಿತ್ತು ಅಂತ ಸೈನ್ ಹಾಕಿ ಹೋಗ್ತಾರೆ, ಉಳಿದಿದ್ದು ಅಂದವಾದ ಫೈಲು.

ಅಳೆಯೋದೂ ಹಾಗೇ. ಮಿನ್ನೆಸೋಟ ಯೂನಿವರ್ಸಿಟಿಯ ಸ್ಟ್ಯಾನ್ಲಿ ಡೆನೋ ಅಂತ ಒಬ್ರು, ಅವ್ರು ಮತ್ತೆ ಸಂಗಡಿಗರು ಸ್ಪೆಷಲ್ ಎಜುಕೇಶನ್ ಟೀಚರ್‌ಗಳಿಗೋಸ್ಕರ ಒಂದು ವಿಧಾನ ಕಟ್ಟಿದ್ರು, ಎಷ್ಟು ಸರಳ ಅಂದ್ರೆ ನಗು ಬರತ್ತೆ. ಮಗು ಒಂದು ನಿಮಿಷ ಜೋರಾಗಿ ಓದ್ಲಿ, ಸರಿಯಾಗಿ ಓದಿದ ಪದಗಳನ್ನ ಎಣಿಸಿ, ಗ್ರಾಫಲ್ಲಿ ಒಂದು ಚುಕ್ಕೆ ಇಡಿ. ಮುಂದಿನ ವಾರ ಇನ್ನೊಂದು ಚುಕ್ಕೆ. ಮಗು ಮುಟ್ಬೇಕಾದ ಗುರಿಗೆ ಅಂತ ಗ್ರಾಫಲ್ಲಿ ಎಳೆದ ಗೆರೆಗಿಂತ ಚುಕ್ಕೆಗಳು ಸತತವಾಗಿ ಕೆಳಗೇ ಬೀಳ್ತಿದ್ರೆ ಪಾಠ ಮಾಡೋ ರೀತಿ ಬದಲಾಯಿಸಿ. ಬದಲಾಗ್ಬೇಕಾಗಿರೋದು ಟೀಚರ್ ವಿಧಾನ ಅನ್ನೋದು ಅಲ್ಲಿ ಗ್ರಾಫಲ್ಲೇ ಬರ್ದಿರತ್ತೆ, ಅದಕ್ಕೇ ಕೆಲವ್ರಿಗೆ ಅದು ಇಷ್ಟ ಆಗಲ್ಲ ಅಂತ ನನಗೊಂದು ಗುಮಾನಿ.

ನನ್ನ ವಾದಕ್ಕೆ ಒಂದು ಮಿತಿ ಇದೆ, ಅದನ್ನ ಮುಚ್ಚಿಡಲ್ಲ. ಬ್ರೈಲ್ ಇದೆ, ಸೈನ್ ಲ್ಯಾಂಗ್ವೇಜ್ ಇದೆ, ಇವೆಲ್ಲ ಕಾಮನ್ ಪೇಪರಲ್ಲಿ ಮುಗಿಯೋ ವಿಷಯ ಅಲ್ಲ. ಬ್ರೈಲ್‌ನಲ್ಲಿ ಆರೇ ಚುಕ್ಕೆ ಇರ್ಬೋದು, ಆದ್ರೆ ಅದ್ರಲ್ಲಿ ಗಣಿತ ಬರಿಯೋಕೆ ಬೇರೆ ಸಂಕೇತಗಳೇ ಇವೆ, ಸೈನ್ ಲ್ಯಾಂಗ್ವೇಜ್ ಅಂತೂ ಪೂರ್ತಿ ಒಂದು ಭಾಷೆ, ವರ್ಷಗಟ್ಟಲೆ ಬೇಕು. ಆ ಸ್ಪೆಷಲೈಸೇಶನ್ ಬೇರೆಯಾಗೇ ಇರ್ಲಿ, ಇರ್ಲೇಬೇಕು. ನಾನು ಕೇಳ್ತಿರೋದು ತಳಪಾಯ ಒಂದೇ ಇರ್ಲಿ ಅಂತ, ಮತ್ತೆ ಆ ತಳಪಾಯ ಸಾಮಾನ್ಯ ಸ್ಕೂಲ್ ಟೀಚರ್‌ಗೂ ಸಿಗ್ಲಿ ಅಂತ, ಯಾಕಂದ್ರೆ ಮೇಲೆ ಹೇಳಿದ ಮೂರೂ ಮಕ್ಕಳು ಸಾಮಾನ್ಯ ಕ್ಲಾಸಲ್ಲೇ ಕೂತಿರ್ತಾರೆ. 1994ರಲ್ಲಿ ಸ್ಪೇನಿನ ಸಾಲಮಾಂಕಾದಲ್ಲಿ 92 ಸರ್ಕಾರಗಳು ಸೇರಿ ಎಲ್ಲ ಮಕ್ಕಳೂ ಸಾಮಾನ್ಯ ಶಾಲೇಲೇ ಕಲೀಬೇಕು ಅಂತ ಹೇಳಿಕೆ ಹೊರಡಿಸಿದ್ರು, ಅದ್ರಲ್ಲಿ ಡಿಸೆಬಿಲಿಟಿ ಇರೋ ಮಕ್ಕಳ ಜೊತೆ ಗಿಫ್ಟೆಡ್ ಮಕ್ಕಳ ಹೆಸ್ರೂ ಇದೆ, ಓದಿ ನೋಡಿ.

ಕಲಿಸೋರು ಯಾರು ಅನ್ನೋದೂ ಮುಖ್ಯ. 1880ರಲ್ಲಿ ಮಿಲಾನಲ್ಲಿ ಕಿವುಡ ಮಕ್ಕಳ ಶಿಕ್ಷಣದ ಬಗ್ಗೆ ಒಂದು ಅಂತಾರಾಷ್ಟ್ರೀಯ ಸಮ್ಮೇಳನ ನಡೀತು, ಬಂದಿದ್ದೋರು ಬಹುತೇಕ ಎಲ್ರೂ ಕಿವಿ ಕೇಳೋರು, ಅವ್ರೇ ಕೂತು ಸೈನ್ ಲ್ಯಾಂಗ್ವೇಜ್ ಬೇಡ ಬಾಯಲ್ಲಿ ಮಾತಾಡೋದನ್ನೇ ಕಲಿಸಿ ಅಂತ ನಿರ್ಣಯ ಮಾಡಿದ್ರು. ಆಮೇಲೆ ಎಷ್ಟೋ ದೇಶಗಳಲ್ಲಿ ತಲೆಮಾರುಗಳ ತನಕ ಮಕ್ಕಳ ಕೈ ಕಟ್ಟಿಹಾಕ್ದಂಗಾಯ್ತು, ಕಿವುಡ ಟೀಚರ್‌ಗಳು ಕೆಲ್ಸ ಕಳ್ಕೊಂಡ್ರು. ಆ ನಿರ್ಣಯನ ಅದೇ ಸಮ್ಮೇಳನ ಅಧಿಕೃತವಾಗಿ ತಿರಸ್ಕರಿಸಿದ್ದು ಯಾವಾಗ ಗೊತ್ತಾ, 2010ರಲ್ಲಿ, ವ್ಯಾಂಕೂವರಲ್ಲಿ. 130 ವರ್ಷ. ಡಿಸೆಬಿಲಿಟಿ ಇರೋರ ಹಕ್ಕುಗಳ ಬಗ್ಗೆ ಇರೋ 2006ರ ವಿಶ್ವಸಂಸ್ಥೆ ಒಪ್ಪಂದದ 24ನೇ ವಿಧಿ ಡಿಸೆಬಿಲಿಟಿ ಇರೋ ಟೀಚರ್‌ಗಳನ್ನೂ ನೇಮಿಸ್ಕೊಳ್ಳಿ ಅಂತ ಬಾಯ್ಬಿಟ್ಟೇ ಹೇಳತ್ತೆ. ಯೂನಿವರ್ಸಿಟಿ ಫ್ಯಾಕಲ್ಟಿಗೂ ಅದೇ ಅನ್ವಯ ಆಗ್ಬೇಕು ಅನ್ನೋದು ನನ್ನ ಮಾತು.

ಇದನ್ನ ಕೇಳ್ತಿರೋರಲ್ಲಿ ಯಾರಾದ್ರೂ ಇಂಥ ಕೋರ್ಸ್ ಸೇರೋ ಯೋಚನೇಲಿದ್ರೆ, ಅಡ್ಮಿಷನ್‌ಗೆ ಮುಂಚೆ ಅಲ್ಲಿಗೆ ಹೋಗಿ ಕೇಳಿ. ಮೊದಲ ಸೆಮಿಸ್ಟರಲ್ಲೇ ಮಕ್ಕಳ ಜೊತೆ ಕೂರಿಸ್ತೀರಾ ಇಲ್ಲಾ ಕೊನೇಲಾ? ನಾನು ಪಾಠ ಮಾಡೋವಾಗ ನೋಡೋಕೆ ಯಾರು ಬರ್ತಾರೆ, ಎಷ್ಟು ಹೊತ್ತು ಕೂರ್ತಾರೆ, ಆಮೇಲೆ ನನ್ನ ಜೊತೆ ಕೂತು ಮಾತಾಡ್ತಾರಾ? ಗಿಫ್ಟೆಡ್ ಮಕ್ಕಳ ಬಗ್ಗೆ ಎಷ್ಟು ಪಾಠ ಇದೆ, ಎರಡೂ ಇರೋ ಮಗುನ ಗುರುತಿಸೋದು ಯಾವ ಪೇಪರಲ್ಲಿ ಬರತ್ತೆ? ಡಿಸೆಬಿಲಿಟಿ ಇರೋ ಮೇಷ್ಟ್ರು ನಿಮ್ಮಲ್ಲಿ ಎಷ್ಟು ಜನ ಇದಾರೆ? ಆಫೀಸಲ್ಲಿ ಕೇಳಿದ್ರೆ ಬ್ರೋಷರ್ ಕೊಟ್ಟು ಕಳಿಸ್ತಾರೆ, ಅದಕ್ಕೆ ಈಗಾಗ್ಲೇ ಅಲ್ಲಿ ಓದ್ತಿರೋ ಎರಡ್ನೇ ವರ್ಷದವ್ರನ್ನ ಹಿಡ್ಕೊಂಡು ಇವೇ ಪ್ರಶ್ನೆ ಕೇಳಿ.