ದರ್ಬಾರಿಗೆ ನುಗ್ಗಿದ ಗೋಪಿಯರು: ಶಾಜಿಯಾ ಸಿಕಂದರ್ ಅವರ ಮಿನಿಯೇಚರ್ ಲೋಕ

[ಪರದೆಯ ಮೇಲೆ: ಮೊಘಲ್ ದರ್ಬಾರಿನ ಹಳೆಯ ಚಿತ್ರ]

ನಮಸ್ಕಾರ. ಈ ಚಿತ್ರ ಸ್ವಲ್ಪ ನೋಡಿ. ಬಾದಶಹ ಇದ್ದಾನೆ, ಸಾಲಾಗಿ ನಿಂತ ಅಮೀರರಿದ್ದಾರೆ. ಹೆಂಗಸರು? ಹುಡುಕಿದರೂ ಸಿಗುವುದಿಲ್ಲ, ಅಲ್ವಾ?

ಇಂಥ ಚಿತ್ರದೊಳಗೆ ಹೆಂಗಸರನ್ನು ತಂದ ಕಲಾವಿದೆ ಶಾಜಿಯಾ ಸಿಕಂದರ್ ಹುಟ್ಟಿದ್ದು 1969ರಲ್ಲಿ, ಲಾಹೋರಿನಲ್ಲಿ. ಅಲ್ಲಿನ ನ್ಯಾಷನಲ್ ಕಾಲೇಜ್ ಆಫ್ ಆರ್ಟ್ಸ್‌ನಲ್ಲಿ ಅವರು ಮಿನಿಯೇಚರ್, ಅಂದರೆ ಪುಟ್ಟ ಹಾಳೆಯ ಮೇಲೆ ಬರೆಯುವ ಸೂಕ್ಷ್ಮ ಚಿತ್ರಕಲೆ, ಕಲಿಯಲು ಹೊರಟಾಗ ಅದನ್ನು ಆರಿಸಿಕೊಳ್ಳುವವರೇ ಕಡಿಮೆ. ಟೂರಿಸ್ಟರಿಗೆ ಮಾರುವ ನಕಲು ಅಂತ ಮೂಗು ಮುರಿಯುವವರೇ ಜಾಸ್ತಿ. ಗುರು ಬಶೀರ್ ಅಹ್ಮದ್ ಮಾತ್ರ ಹಳೆಯ ಪದ್ಧತಿಯಲ್ಲೇ ಪಳಗಿಸಿದರು.

[ಹತ್ತಿರದ ದೃಶ್ಯ: ಕುಂಚದ ತುದಿ]

ಮೊದಲು ಕಾಗದ. ಹಾಳೆಯ ಮೇಲೆ ಹಾಳೆ ಅಂಟಿಸಿ, ಒಣಗಿಸಿ, ನುಣುಪು ಬರುವವರೆಗೂ ಉಜ್ಜಬೇಕು. ಇದೇ ವಸ್ಲಿ. ಕುಂಚ ಅಳಿಲಿನ ಕೂದಲಿನದು. ನೆರಳನ್ನು ಸುಮ್ನೆ ಬಳಿದು ಮುಗಿಸುವಂತಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆ, ಚುಕ್ಕೆಗಳನ್ನು ಒತ್ತೊತ್ತಾಗಿ ಇಡುತ್ತಾ ಹೋಗಬೇಕು. ಅದು ಪರ್ದಾಖ್ತ್. (ನಮ್ಮ ವಿಜಯಪುರದ ಆದಿಲ್ ಶಾಹಿ ಆಸ್ಥಾನದಲ್ಲೂ ಮಿನಿಯೇಚರ್ ಬರೆಯುವವರಿದ್ದರು. ಅದಕ್ಕೇ ಒಂದು ವಿಡಿಯೋ ಬೇಕು.)

ಇಷ್ಟು ಕಲಿತ ಹುಡುಗಿ ಕಾಲೇಜಿನ ಕೊನೆಗೆ ಬರೆದದ್ದು ‘ದಿ ಸ್ಕ್ರೋಲ್’. ಸುಮಾರು 5 ಅಡಿ ಉದ್ದ. ಬಿಳಿ ಬಟ್ಟೆಯ ಯುವತಿಯೊಬ್ಬಳು ಮನೆಯೊಳಗೆ ಕೋಣೆಯಿಂದ ಕೋಣೆಗೆ ನಡೆಯುತ್ತಾಳೆ. ಮುಖ ತೋರಿಸುವುದೇ ಇಲ್ಲ. ಕೊನೆಯಲ್ಲಿ ಚಿತ್ರ ಬರೆಯುತ್ತಾ ನಿಂತಿದ್ದಾಳೆ. ರಾಜನೂ ಇಲ್ಲ, ಬೇಟೆಯೂ ಇಲ್ಲ.

ನನಗೆ ತುಂಬಾ ಇಷ್ಟವಾದದ್ದು 2003ರ ‘ಸ್ಪಿನ್’. ಅಷ್ಟರಲ್ಲಿ ಅವರು ಅಮೆರಿಕದಲ್ಲಿದ್ದರು, ಮಿನಿಯೇಚರನ್ನು ಆನಿಮೇಷನ್ನಿಗೆ ತಂದಿದ್ದರು. ಮೊಘಲ್ ದರ್ಬಾರು. ಅದರೊಳಗೆ ಗೋಪಿಯರು ಒಬ್ಬೊಬ್ಬರಾಗಿ ತುಂಬಿಕೊಳ್ಳುತ್ತಾರೆ. ಕೃಷ್ಣನ ಸುಳಿವಿಲ್ಲ! ಆಮೇಲೆ ಅವರ ತುರುಬುಗಳು ಮೈಯಿಂದ ಕಳಚಿಕೊಂಡು, ಕಪ್ಪು ಹಕ್ಕಿಗಳ ಹಿಂಡಾಗಿ ಹಾರುತ್ತವೆ. ಇದನ್ನು ಬರೀ ಪ್ರತಿಭಟನೆ ಅಂದರೆ ಕಡಿಮೆಯಾಯಿತು. ನೋಡಲು ಮಜಾ ಇದೆ, ಸ್ವಲ್ಪ ಭಯವೂ ಆಗುತ್ತದೆ.

[ಪರದೆಯ ಮೇಲೆ: ನ್ಯೂಯಾರ್ಕ್ ಕೋರ್ಟ್ ಕಟ್ಟಡ]

2023ರಲ್ಲಿ ಶಾಜಿಯಾ ಚಿತ್ರಗಳ ಹೆಣ್ಣು ಕಾಗದ ಬಿಟ್ಟು, ಪ್ರತಿಮೆಯಾಗಿ ಮ್ಯಾನ್‌ಹಟನ್ನಿನ ಕೋರ್ಟಿನ ಛಾವಣಿ ಹತ್ತಿದಳು. ಕಾನೂನು ಕೊಟ್ಟ ಗಂಡಸರ ಪ್ರತಿಮೆಗಳು ಅಲ್ಲಿವೆ. ಮೋಸೆಸ್, ಕನ್ಫ್ಯೂಷಿಯಸ್, ಹೌದು, ನಮ್ಮ ಮನು ಕೂಡ! ಆ ಸಾಲಿನಲ್ಲಿ ನಿಂತದ್ದು ಶಾಜಿಯಾ ಅವರ 8 ಅಡಿಯ ‘ನೌ’, ತಾವರೆಯಿಂದ ಎದ್ದ ಹೆಣ್ಣು. ಅದರ ಜೋಡಿ ‘ವಿಟ್ನೆಸ್’, 18 ಅಡಿ ಎತ್ತರ. ಮರುವರ್ಷ ‘ವಿಟ್ನೆಸ್’ ಹ್ಯೂಸ್ಟನ್ನಿನಲ್ಲಿತ್ತು. ಅಲ್ಲಿ ಚಂಡಮಾರುತ ಬೀಸುತ್ತಿದ್ದಾಗ ಯಾರೋ ಅದರ ತಲೆ ಕಡಿದರು. ರಿಪೇರಿ ಬೇಡ, ಹಾಗೇ ಇರಲಿ ಅಂದರು ಶಾಜಿಯಾ.