ಶಾಲ್ಮಲೆ ಹರದ ದಾರಿ ಹಿಡದು ಸಮುದ್ರಕ್ಕ ಹೋಗೂಣು ಬರ್ರಿ

ನಮಸ್ಕಾರ್ರಿ ಎಲ್ಲಾರಿಗೂ.

ದೀಪಾವಳಿ ಮುಗೀತಂದ್ರ ಹುಬ್ಬಳ್ಳಿ-ಧಾರವಾಡದ ಮಂದಿಗೆ ಸಮುದ್ರ ನೆನಪಾಗ್ತೈತಿ. ಶನಿವಾರ ರಾತ್ರಿ ಓಣಿಗೊಂದು ಕ್ರೂಸರ್ ಬಿಡ್ತೈತಿ. ಹತ್ತು-ಹನ್ನೆರಡು ಮಂದಿ, ಡಬ್ಬಿ ತುಂಬ ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ನಸುಕಿನ್ಯಾಗ ಗೋಕರ್ಣದಾಗ ದರ್ಶನ, ಹತ್ತು ಗಂಟೆಕ್ಕ ಓಂ ಬೀಚಿನಾಗ ಫೋಟೋ, ಮಧ್ಯಾಹ್ನ ಮುರ್ಡೇಶ್ವರ, ಇಳಿಹೊತ್ತಿಗೆ ಇಡಗುಂಜಿ, ನಡುರಾತ್ರಿ ವಾಪಸ್ ಹುಬ್ಬಳ್ಳಿ. ಸೋಮವಾರ ಮುಂಜಾನೆ ಡ್ಯೂಟಿ. ಕೇಳಿದ್ರ, ಕರಾವಳಿ ಪೂರಾ ನೋಡ್ಕೊಂಡು ಬಂದ್ವಿ ಅಂತೀವಿ. ಆದ್ರ ಲೆಕ್ಕ ಹಾಕಿ ನೋಡ್ರಿ, ಆ ಇಡೀ ದಿನದಾಗ ಸಮುದ್ರದ ಮುಂದ ಸುಮ್ಮನ ಕುಂತದ್ದು ಎಷ್ಟೊತ್ತು?

"ನೋಡಲೇಬೇಕಾದ ಹತ್ತು ತಾಣ" ಅನ್ನೋ ವಿಡಿಯೋ ಸಾಕಷ್ಟು ಅದಾವ, ನಾನು ಮತ್ತೊಂದು ಮಾಡೂದಿಲ್ಲ. ನಾನು ಹೇಳೂದು ಒಂದ ದಾರಿ, ನಮ್ಮ ಊರಿನ ನೀರು ಸಮುದ್ರಕ್ಕ ಹೋಗೋ ದಾರಿ. ಆ ದಾರಿ ಹಿಡದು ಹೋದವರಿಗೆ ಕರಾವಳಿ ಬ್ಯಾರೇನ ಕಾಣ್ತೈತಿ ಅಂತ ನಾನು ನಂಬೀನಿ.

ಧಾರವಾಡದ ದಕ್ಷಿಣಕ್ಕ, ಕಲಘಟಗಿ ರಸ್ತೆಗೆ ಸೋಮೇಶ್ವರ ಗುಡಿ ಐತಿ. ನಮ್ಮ ಕಡಿಯವರು ಭಾಳ ಮಂದಿ ಸೋಮವಾರ ಸೋಮವಾರ ಹೋಗ್ತಾರ. ಶಾಲ್ಮಲೆ ಹುಟ್ಟೂದು ಅಲ್ಲೇ. ಹುಟ್ಟಿದ ಜಾಗಾದಾಗ ಅದು ನದಿ ಅಂತ ಅನಸೂದs ಇಲ್ಲ, ಸಣ್ಣ ಹೊಂಡ, ಸಣ್ಣ ಹಳ್ಳ. ಮುಂದ ಕಲಘಟಗಿ ಕಡೆ ಬೇಡ್ತಿ ಹಳ್ಳದ ಕೂಡ ಸೇರತೈತಿ, ಬೇಡ್ತಿ ಅಂತ ಹೆಸರು ಹೊತಗೊಂಡು ಯಲ್ಲಾಪುರದ ಕಾಡು ಹೊಗತೈತಿ. ಘಟ್ಟ ಇಳದ ಮ್ಯಾಲೆ ಅದಕ್ಕ ಗಂಗಾವಳಿ ಅಂತಾರ. ಅಂಕೋಲಾ ತಾಲೂಕಿನ ಮಂಜುಗುಣಿ ಈ ದಂಡಿ, ಕುಮಟಾ ತಾಲೂಕಿನ ಗಂಗಾವಳಿ ಊರು ಆ ದಂಡಿ, ನಡುವ ಹಾದು ಅರಬ್ಬಿ ಸಮುದ್ರ ಸೇರತೈತಿ. ಗೋಕರ್ಣ ಅಲ್ಲಿಂದ ಭಾಳ ದೂರಿಲ್ಲ. ನಾವು ದರ್ಶನಕ್ಕ ಅಂತ ಗೋಕರ್ಣಕ್ಕ ಓಡ್ತೀವಿ. ನಮ್ಮ ಸೋಮೇಶ್ವರದ ನೀರು ಅದರ ಮಗ್ಗಲಿಗೇ ಸಮುದ್ರ ಕೂಡ್ತೈತಿ ಅನ್ನೋದು ಕ್ರೂಸರಿನಾಗ ಕುಂತವರಾಗ ಎಷ್ಟು ಮಂದಿಗೆ ಗೊತ್ತೈತಿ?

ನಾವು ಹೋಗೋ ಹೆದ್ದಾರಿ, ಈಗಿನ 52, ಕಲಘಟಗಿ, ಕಿರವತ್ತಿ, ಯಲ್ಲಾಪುರ, ಅರಬೈಲ್ ಘಟ್ಟ ಇಳದು ಅಂಕೋಲಾ ಮುಟ್ಟತೈತಿ. ನದಿನೂ ಹೆಚ್ಚುಕಡಿಮಿ ಇದs ದಿಕ್ಕು. ಹಂಗಾಗಿ ಮೊದಲನೇ ನಿಲ್ಲೋ ಜಾಗಾ ಮಾಗೋಡ. ಯಲ್ಲಾಪುರದಿಂದ ಒಳಗ ಹೋಗ್ಬೇಕು. ಬೇಡ್ತಿ ಇಲ್ಲಿ ಎರಡು ಹಂತದಾಗ, ಸುಮಾರು 200 ಮೀಟರ್ ಕೆಳಗ ಕೊಳ್ಳಕ್ಕ ಬೀಳ್ತಾಳ. ಅಕ್ಟೋಬರ್-ನವೆಂಬರಿನಾಗ ಹೋಗ್ರಿ. ಮಳಿಗಾಲದ ನಡುವ ಹೋದ್ರ ಮಂಜಿನಾಗ ಏನೂ ಕಾಣೂದಿಲ್ಲ, ಬ್ಯಾಸಿಗ್ಯಾಗ ಹೋದ್ರ ನೀರಿರೂದಿಲ್ಲ. ಅಲ್ಲೇ ಹತ್ರ ಜೇನುಕಲ್ಲು ಗುಡ್ಡ ಐತಿ. ನನ್ನ ಕೇಳಿದ್ರ ಮಾಗೋಡಕ್ಕಿಂತ ಅದು ಒಂದು ಕೈ ಹೆಚ್ಚು. ಗುಡ್ಡದ ಅಂಚಿನಾಗ ನಿಂತ್ರ ಕೆಳಗ ಕಾಡಿನ ನಡುವ ನದಿ ಪಶ್ಚಿಮಕ್ಕ ಹೊಂಟದ್ದು ಕಾಣ್ತೈತಿ. ಬಯಲುಸೀಮ್ಯಾಗ ಬೆಳದ ನಮಗ ಅಷ್ಟು ಹಸರು ಒಮ್ಮೆಲೇ ಕಂಡ್ರ ಮಾತು ಹೊರಡೂದಿಲ್ಲ.

ಘಟ್ಟ ಇಳದ ಮ್ಯಾಲೆ ಒಂದು ಜಾಗಾದಾಗ ಗಾಡಿ ಹಾಡು ಬಂದ್ ಮಾಡ್ರಿ ಅಂತ ನಾನು ಕೈ ಮುಗದು ಕೇಳ್ತೀನಿ. ಅಂಕೋಲಾದಿಂದ ಕುಮಟಾಕ್ಕ ಹೋಗೋ ಹೆದ್ದಾರಿ 66ರಾಗ ಶಿರೂರು ಬರ್ತೈತಿ. 2024ರ ಜುಲೈ 16ಕ್ಕ ಅಲ್ಲಿ ಗುಡ್ಡ ಕುಸದು ಹೆದ್ದಾರಿ ಮ್ಯಾಲೆ ಬಿತ್ತು. ರಸ್ತೆ ಬಾಜು ಇದ್ದ ಚಾದ ಅಂಗಡಿ, ಅಲ್ಲಿ ನಿಂತಿದ್ದ ಮಂದಿ, ಗಾಡಿಗಳು, ಎಲ್ಲಾ ಗಂಗಾವಳಿ ಪಾಲಾತು. ನದಿ ಉಕ್ಕಿ ಆಚಿ ದಂಡಿಯ ಉಳುವರೆ ಊರಿನ ಮನಿಗಳಿಗೂ ಬಡೀತು. ಕೇರಳದ ಲಾರಿ ಚಾಲಕರೊಬ್ಬರನ್ನ ಹುಡುಕಿದ್ದು ತಿಂಗಳಗಟ್ಟಲೆ ಟೀವ್ಯಾಗ ನೋಡೇವಿ. ಅಲ್ಲಿ ಗಾಡಿ ನಿಲ್ಲಿಸಿ ಗುಡ್ಡದ ಗಾಯದ ಮುಂದ ರೀಲ್ಸ್ ಮಾಡವರನ್ನ ಕಂಡ್ರ ನನಗ ಸಂಕಟ ಆಗ್ತೈತಿ. ದಾರಿ ಅಗಲ ಮಾಡಾಕ ಗುಡ್ಡ ಕಡದು ನೆಟ್ಟಗ ನಿಲ್ಲಿಸಿದ್ರ ಮಳಿಗಾಲದಾಗ ಅದು ನಿಲ್ಲೂದಿಲ್ಲ. ನಾವು ಬಯಸೋ "ಜಲ್ದಿ ಮುಟ್ಟೂದು" ಯಾರ ಮನಿ ಮ್ಯಾಲೆ ಬೀಳ್ತೈತಿ ಅನ್ನೋದು ಅಲ್ಲಿ ಹಾಯೂವಾಗರ ನೆನಪಿರಲಿ.

ಇನ್ನು ಗಂಗಾವಳಿ ಮುಖಜ, ಅಂದ್ರ ನದಿ ಸಮುದ್ರ ಕೂಡೋ ಜಾಗಾ, ಅಳಿವೆ. ಇಲ್ಲಿ ಟಿಕೀಟ್ ಇಲ್ಲ, ಒಂಟೆ ಸವಾರಿ ಇಲ್ಲ, ಜೆಟ್ ಸ್ಕೀ ಇಲ್ಲ. ಗಂಗಾಮಾತೆ ಗುಡಿ, ತೆಂಗಿನ ತೋಟ, ಮೀನ ಬಲಿ ಒಣಗಸೋ ಮಂದಿ. ಭರತದ ಹೊತ್ತಿಗೆ ಸಮುದ್ರ ನದಿಯೊಳಗ ಬರ್ತೈತಿ, ಇಳಿತದ ಹೊತ್ತಿಗೆ ನದಿ ಸಮುದ್ರದೊಳಗ ಹೋಗ್ತೈತಿ, ನಡುವ ಉಸುಕಿನ ದಿಣ್ಣಿ ಏಳ್ತಾವ, ಮುಳಗ್ತಾವ. ಅದನ್ನ ನೋಡಾಕ ಕಮ್ಮಿ ಅಂದ್ರೂ ಅರ್ಧ ದಿನ ಬೇಕು. ಕರಾವಳಿಯಾಗ ಒಂದs ಒಂದು ಜಾಗಾ ನೋಡು ಅಂದ್ರ ನಾನು ಓಂ ಬೀಚ್ ಬಿಟ್ಟು ಇದನ್ನ ಆರಿಸ್ತೀನಿ.

ಗೋಕರ್ಣದ ಬಗ್ಗೆ ನಿಮಗ ನಾನು ಹೇಳೂದೇನು ಉಳದಿಲ್ಲ. ಮಹಾಬಲೇಶ್ವರ, ಕೋಟಿತೀರ್ಥ, ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್. ಶನಿವಾರ-ಭಾನುವಾರ ಬಿಡ್ರಿ, ವಾರದ ನಡುವ ಹೋಗ್ರಿ. ಕುಡ್ಲೆಯಿಂದ ಓಂ ತನಕ ಗುಡ್ಡದ ಕಾಲುದಾರಿಲೇ ನಡೀರಿ. ಅಷ್ಟ.

ನಾನು ಹೆಚ್ಚು ಹೊತ್ತು ಮಾತಾಡಬೇಕು ಅಂದಿದ್ದು ಗೋಕರ್ಣದ ದಕ್ಷಿಣಕ್ಕಿರೋ ಅಘನಾಶಿನಿ ಬಗ್ಗೆ. ಶಿರಸಿ ಕಡೆ ಹುಟ್ಟಿ, ಒಂದು ಅಣೆಕಟ್ಟೂ ಇಲ್ಲದs ತದಡಿ ಹತ್ರ ಸಮುದ್ರ ಸೇರೋ ನದಿ ಇದು. ಇಂಥಾ ನದಿ ನಮ್ಮ ರಾಜ್ಯದಾಗ ಇನ್ನ ಎಷ್ಟು ಉಳದಾವು ಹೇಳ್ರಿ? ತದಡಿಯಿಂದ ಅಘನಾಶಿನಿ ಊರಿಗೆ ದೋಣಿ ಹೋಗ್ತಾವ. ಇಳಿತದ ಹೊತ್ತಿಗೆ ನೀರು ಸರದ ಕೆಸರಿನಾಗ ಹೆಣ್ಣಮಕ್ಕಳು, ಗಂಡಮಕ್ಕಳು ಸೊಂಟ ಬಗ್ಗಿಸಿ ಬಳಚು ಆರಿಸ್ತಿರ್ತಾರ. ಎಷ್ಟೋ ಮನಿ ಒಲಿ ಉರಿಯೂದು ಆ ಚಿಪ್ಪಿನ ಮ್ಯಾಲೆ. ಬಾಜೂಕ್ಕ ಗಜನಿ ಭೂಮಿ, ಅಂದ್ರ ಉಪ್ಪು ನೀರು ನುಗ್ಗೋ ತಗ್ಗಿನ ಗದ್ದಿ. ಮಳಿಗಾಲದಾಗ ಅಲ್ಲಿ ಕಗ್ಗ ಅನ್ನೋ ಭತ್ತ ಬೆಳೀತಾರ. ಆಳುದ್ದ ಬೆಳಿಯೋ ಭತ್ತ, ಉಪ್ಪು ನೀರು ಬಂದು ನಿಂತ್ರೂ ತಾಳತೈತಿ. ಕೊಯ್ಲು ಮುಗಿದ ಮ್ಯಾಲೆ ಅದs ಗದ್ದಿಗೆ ಉಪ್ಪು ನೀರು ಬಿಟ್ಟು ಸೀಗಡಿ, ಮೀನು ಹಿಡೀತಾರ. ಗೊಬ್ಬರ, ಔಷಧ ಏನೂ ಹಾಕೂದಿಲ್ಲ. ನಮ್ಮ ಕಡೆ ಒಂದು ಎಕರೆ ಸವಳು ಬಿತ್ತಂದ್ರ ಭೂಮಿ ಸತ್ತಂಗ ಅಂತ ಕೈಬಿಡ್ತೀವಿ. ಆ ಮಂದಿ ಉಪ್ಪಿನ ಕೂಡನs ಒಕ್ಕಲುತನ ಮಾಡ್ಯಾರ. ನಮ್ಮ ರೈತರು ಕುಟುಂಬ ಸಮೇತ ಹೋಗಿ ನೋಡಬೇಕಾದ್ದು ಇದು.

ಇನ್ನೊಂದು ಮಾತು, ಗದಗಿನವರು ಕೇಳ್ರಿ. 2024ರ ಜನವರಿಯಾಗ ಅಘನಾಶಿನಿ ಅಳಿವೆ ಮುಖಜ ರಾಮ್ಸಾರ್ ತಾಣ ಆತು. ಅಂದ್ರ ಜಗತ್ತಿನ ಮಟ್ಟದಾಗ ಮಹತ್ವದ ಜೌಗು ಪ್ರದೇಶ ಅಂತ ಮಾನ್ಯತೆ. ಅದರ ಕೂಡನs ಆ ಪಟ್ಟಿಗೆ ಸೇರಿದ್ದು ಶಿರಹಟ್ಟಿ ಕಡೆಯ ನಮ್ಮ ಮಾಗಡಿ ಕೆರಿ. ಚಳಿಗಾಲದಾಗ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬಂದು ಇಳಿತಾವಲ್ಲ, ಅದs ಕೆರಿ. ಮಾಗಡಿಗೆ ಮಕ್ಕಳನ್ನ ಕರಕೊಂಡು ಹೋಗೋ ಸಾಲಿ ಮಾಸ್ತರು, ಅಕ್ಕೋರು ಅದಾರ, ನನಗ ಗೊತ್ತು. ಮುಂದಿನ ವರ್ಷದ ಪ್ರವಾಸಕ್ಕ ಅಘನಾಶಿನಿ ಹಾಕ್ಕೋರಿ. ನೀರು ಇಬ್ಬರದೂ ಬ್ಯಾರೆ, ಒಂದು ಸಿಹಿ, ಒಂದು ಉಪ್ಪು. ಹಕ್ಕಿ ಯಾಕ ಎರಡೂ ಕಡೆ ಬರ್ತಾವ ಅನ್ನೋದನ್ನ ಮಕ್ಕಳಿಗೆ ಪುಸ್ತಕಕ್ಕಿಂತ ಅಲ್ಲೇ ಹೇಳೂದು ಸಸಾರ.

ಇದs ಹಿನ್ನೀರಿನ ಬಾಜು ಸಾಣಿಕಟ್ಟಾ. ಬ್ಯಾಸಿಗ್ಯಾಗ ಹೋದ್ರ ಸಾಲು ಸಾಲು ಮಡಿಯೊಳಗ ಉಪ್ಪು ಕಟ್ಟಿದ್ದು, ಅದನ್ನ ಎಳದು ಗುಪ್ಪಿ ಹಾಕೂದು ಕಾಣ್ತೈತಿ. ಉಪ್ಪು ಅಂದಕೂಡ್ಲೆ 1930 ನೆನಪಾಗಬೇಕು. ಆ ವರ್ಷ ಏಪ್ರಿಲ್‌ನಾಗ ಕರ್ನಾಟಕದವರು ಉಪ್ಪಿನ ಕಾಯಿದೆ ಮುರದದ್ದು ಅಂಕೋಲಾದಾಗ, ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಾಗ. ಆಗ ಧಾರವಾಡ ಜಿಲ್ಲಾ, ಉತ್ತರ ಕನ್ನಡ ಜಿಲ್ಲಾ ಎರಡೂ ಮುಂಬೈ ಪ್ರಾಂತದಾಗ ಇದ್ದು. ಅಂಕೋಲಾ ನಮಗ ಬರೇ ಊಟಕ್ಕ ಗಾಡಿ ನಿಲ್ಲಿಸೋ ಊರು ಆಗಿದ್ದು ನೋಡಿದ್ರ ಕೆಡಕ ಅನಸ್ತೈತಿ. ಹಾಲಕ್ಕಿ ಜನಾಂಗದ ಹಾಡುಗಳನ್ನ ಸಾಯೂತನಕ ಬಾಯಾಗ ಇಟಗೊಂಡಿದ್ದ ಸುಕ್ರಿ ಬೊಮ್ಮಗೌಡ ಅಂಕೋಲಾದವರು. ಸಾವಿರಾರು ಗಿಡ ಬೆಳಸಿದ ಹೊನ್ನಳ್ಳಿಯ ತುಳಸಿ ಗೌಡ ಅವರೂ ಅಂಕೋಲಾ ತಾಲೂಕಿನವರು. ಇಬ್ಬರಿಗೂ ಪದ್ಮಶ್ರೀ ಬಂದಿತ್ತು. ತುಳಸಜ್ಜಿ 2024ರ ಡಿಸೆಂಬರಿನಾಗ, ಸುಕ್ರಜ್ಜಿ 2025ರ ಫೆಬ್ರುವರಿಯಾಗ ತೀರಿಕೊಂಡ್ರು. ಮೇ ತಿಂಗಳದಾಗ ಹೋದ್ರ ಅಂಕೋಲಾದ ಕರಿ ಇಶಾಡ ಮಾವಿನಹಣ್ಣು ತಿನ್ನದs ಬರಬ್ಯಾಡ್ರಿ. ಧಾರವಾಡ ಆಪೂಸಿನ ಮ್ಯಾಲೆ ನಮಗ ಎಷ್ಟ ಅಭಿಮಾನ ಇದ್ರೂ ಈ ಹಣ್ಣಿನ ರುಚಿಗೆ ತಲಿ ಬಾಗಬೇಕು.

ಮಿರ್ಜಾನ ಕೋಟಿ ಹೆದ್ದಾರಿಗೆ ಹತ್ತಿಕೊಂಡಂಗs ಐತಿ, ಮತ್ತ ಭಾಳ ಮಂದಿ ನೋಡದs ದಾಟಿ ಹೋಗ್ತಾರ. ಚಿರೇಕಲ್ಲಿನ ಗೋಡಿ, ಸುತ್ತ ಕಂದಕ, ಮಳಿಗಾಲ ಮುಗಿಯೋ ಹೊತ್ತಿಗೆ ಗೋಡಿ ತುಂಬ ಹಸರು. 16ನೇ ಶತಮಾನದಾಗ ಗೇರುಸೊಪ್ಪೆಯ ಚೆನ್ನಭೈರಾದೇವಿ ಆಳಿದ ಸೀಮಿ ಇದು. ಆಕಿನ್ನ ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತ ಕರೀತಿದ್ರು. ಘಟ್ಟದ ಮೆಣಸು ಇಲ್ಲಿಂದ ಹಡಗ ಹತ್ತತಿತ್ತು. ಇವತ್ತು ಅದs ಕರಾವಳಿಯ ಮೀನ ಸಾರಿಗೆ ಬಣ್ಣ ಕೊಡೂದು ಹಾವೇರಿಯ ಬ್ಯಾಡಗಿ ಮೆಣಸಿನಕಾಯಿ. ಹಿಂಗ ನಮ್ಮ ಊರುಗಳ ಕೊಡುಕೊಳ್ಳೂದು ನಿಂತೇ ಇಲ್ಲ.

ಯಾಣ, ಕಾರವಾರ, ಮುರ್ಡೇಶ್ವರ ಯಾಕ ಬಿಟ್ಟಿ ಅಂತ ಕೇಳ್ತೀರಿ. ಯಾಣದ 120 ಮೀಟರಿನ ಭೈರವೇಶ್ವರ ಶಿಖರ ದೊಡ್ಡ ನೋಟ, ಅದಕ್ಕ ಬ್ಯಾರೆ ಒಂದು ದಿನ ಕೊಡ್ರಿ. ಕಾರವಾರ ಅಂತೂ ಪೂರಾ ಒಂದು ಪ್ರವಾಸಕ್ಕ ತಕ್ಕ ಊರು, ರವೀಂದ್ರನಾಥ ಟಾಗೋರರು ಬಂದು ಕಾಳಿ ನದಿ ಮುಖಜ ನೋಡಿ ಮೆಚ್ಚಿದ ಊರು. ಅವಸರದಾಗ ನೋಡೂದು ಬ್ಯಾಡ. ಮುರ್ಡೇಶ್ವರದ 123 ಅಡಿ ಶಿವ ಎಲ್ಲಿ ಹೋಗೂದಿಲ್ಲ. ಆದ್ರ ಅಲ್ಲಿ ನೀರಿಗೆ ಇಳಿಯೂವಾಗ ಜ್ವಾಕಿ. 2024ರ ಡಿಸೆಂಬರಿನಾಗ ಸಾಲಿ ಪ್ರವಾಸಕ್ಕ ಬಂದಿದ್ದ ನಾಕು ಹುಡುಗ್ಯಾರು ಆ ದಂಡ್ಯಾಗ ಮುಳುಗಿ ತೀರಿಕೊಂಡ್ರು. ನಮ್ಮ ಕಡಿಯವರಿಗೆ ಬಾವಿ, ಕೆರಿ ಈಜು ಗೊತ್ತಿರ್ತೈತಿ, ಸಮುದ್ರದ ಸೆಳವು ಗೊತ್ತಿರೂದಿಲ್ಲ. ಮೊಣಕಾಲ ಮಟ್ಟದ ನೀರಿನಾಗ ನಿಂತವರನ್ನೂ ಅದು ಎಳಕೊಂಡು ಹೋಗ್ತೈತಿ. ಜೀವರಕ್ಷಕರು ಸೀಟಿ ಊದಿದ್ರ ಅವರ ಕೂಡ ವಾದಕ್ಕ ನಿಲ್ಲಬ್ಯಾಡ್ರಿ. ಜೂನ್‌ದಿಂದ ಸೆಪ್ಟೆಂಬರ್ ತನಕ ನೀರಿಗೆ ಇಳಿಯೂದs ಬ್ಯಾಡ.

ಈಗ ನಾನು ಈ ದಾರಿನs ಯಾಕ ಆರಿಸಿದೆ ಅನ್ನೋದು. ಬೇಡ್ತಿ ನೀರನ್ನ ತಿರುಗಿಸಿ ವರದಾ ನದಿಗೆ ಕೂಡಿಸಬೇಕು, ಹಾವೇರಿ, ಗದಗ ಕಡೆ ಹೊಲಕ್ಕ ನೀರು ಕೊಡಬೇಕು ಅನ್ನೋ ಯೋಜನೆ ವರ್ಷಾನುಗಟ್ಟಲೆ ಮಾತಿನಾಗ ಐತಿ. ನಮ್ಮ ಕಡೆ ಬೇಕು ಅಂತ ಕೂಗು, ಉತ್ತರ ಕನ್ನಡದಾಗ ಬ್ಯಾಡ ಅಂತ ಹೋರಾಟ. ಗದಗಿನ ಬರ ನಾನು ಬಲ್ಲೆ. ಟ್ಯಾಂಕರಿನ ಮುಂದ ಕೊಡ ಹಿಡದು ನಿಂತ ಹೆಣ್ಣಮಗಳಿಗೆ "ನಿನಗ ನೀರು ಬ್ಯಾಡ" ಅನ್ನಾಕ ನನಗ ಬಾಯಿ ಬರೂದಿಲ್ಲ. ಆದ್ರ "ನದಿ ನೀರು ಸುಮ್ಮನ ಸಮುದ್ರಕ್ಕ ಹೋಗಿ ಹಾಳಾಗ್ತೈತಿ" ಅಂತ ಸಭಾದಾಗ ಭಾಷಣ ಮಾಡ್ತಾರಲ್ಲ, ಅದನ್ನ ನಾನು ಒಪ್ಪೂದಿಲ್ಲ. ಸಿಹಿ ನೀರು ಕಮ್ಮಿ ಆದ್ರ ಉಪ್ಪು ನೀರು ನದಿಯೊಳಗ ಮ್ಯಾಲೆ ಮ್ಯಾಲೆ ಏರತೈತಿ. ದಂಡಿ ಊರಿನ ಬಾವಿ ಉಪ್ಪಾಗ್ತಾವ, ಮರಿ ಹಾಕಾಕ ಅಳಿವೆಗೆ ಬರೋ ಮೀನು ಕಮ್ಮಿ ಆಗ್ತಾವ, ಕೆಸರು ನಂಬಿದವರ ಅನ್ನ ಹೋಗ್ತೈತಿ. ಗಂಗಾವಳಿ ಮುಖಜದಾಗ ಅರ್ಧ ದಿನ ಕುಂತು ಮೀನ ಹಿಡಿಯವರ ಕೂಡ ಮಾತಾಡಿದವರ ಬಾಯಾಗ "ಹಾಳಾಗೋ ನೀರು" ಅನ್ನೋ ಮಾತು ಬರೂದಿಲ್ಲ.

ಅದಕ್ಕ ನಮ್ಮ ರೈತ ಸಂಘಟನೆಯವರಿಗೆ, ಊರ ಹಿರೇರಿಗೆ ನನ್ನದೊಂದು ಬೇಡಿಕಿ. ಈ ಚಳಿಗಾಲ ಹಾವೇರಿಯಿಂದ ಒಂದು ಬಸ್, ಗದಗಿನಿಂದ ಒಂದು ಬಸ್ ಮಾಡ್ರಿ. ಸೋಮೇಶ್ವರಕ್ಕ ಹೋಗಿ ಶಾಲ್ಮಲೆ ಹುಟ್ಟಿದ ಹೊಂಡ ನೋಡ್ರಿ, ಮಾಗೋಡ ನೋಡ್ರಿ, ಮಂಜುಗುಣಿಯಾಗ ಒಂದು ರಾತ್ರಿ ಉಳಿರಿ. ಮುಂಜಾನೆ ಅಲ್ಲಿ ಮೀನುಗಾರರ ಕೂಡ ಚಾ ಕುಡದು, ಅವರನ್ನ ಏಪ್ರಿಲ್‌ನಾಗ ಮುಂಡರಗಿಗೆ, ಶಿರಹಟ್ಟಿಗೆ ಕರೀರಿ. ನಮ್ಮ ಒಣ ಕೆರಿ ಅವರೂ ನೋಡ್ಲಿ. ಯೋಜನೆ ಬೇಕೋ ಬ್ಯಾಡೋ ಅನ್ನೋ ಮಾತನ್ನ ಆಮ್ಯಾಲೆ, ಒಂದs ಜಮಖಾನಿ ಮ್ಯಾಲೆ ಕುಂತು ಮಾತಾಡ್ರಿ.